ಎಂಜಿನ್ನನ್ನು ಲೇಖನದೊಳಕ್ಕೆ ತನ್ನಿ

ಮಾನ್ಯರೇ,

ನಮಸ್ಕಾರ. ‘ಕ್ರಯೋಜೆನಿಕ್ ಎಂಜಿನ್: ಭಾರತದ ಏಕಾಂಗಿ ವಿಜಯ’ ಎಂಬ ನಿಮ್ಮ ಸಂಶೋಧನ ಲೇಖನವನ್ನು ಗಮನವಿಟ್ಟು ಓದಿದ್ದೇನೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾಗದು ಎಂಬುದನ್ನು ಮೊದಲೇ ತಿಳಿಸಿಬಿಡುತ್ತೇನೆ. ನಿಮ್ಮ ಭಾಷೆ ಹದವಾಗಿದೆ, ವಿಷಯದ ಮೇಲಿನ ಪ್ರೀತಿ ಪುಟಪುಟದಲ್ಲೂ ಕಾಣುತ್ತದೆ. ಆದರೆ ಅತಿ ತಣ್ಣನೆಯ ದ್ರವ ಜಲಜನಕ, ಆಮ್ಲಜನಕಗಳನ್ನು ಉರಿಸುವ ಈ ರಾಕೆಟ್ ಎಂಜಿನ್ನಿನ ಕುರಿತಾದ ಲೇಖನದಲ್ಲಿ ಎಂಜಿನ್ನೇ ಕಾಣುವುದಿಲ್ಲ. ಅದು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಕೈಕೊಟ್ಟಿತು, ಅದನ್ನು ಹೇಗೆ ಸರಿಪಡಿಸಿದರು ಎಂಬುದಾವುದೂ ಓದುಗರಿಗೆ ತಿಳಿಯುವುದಿಲ್ಲ.

ಅರ್ಧಕ್ಕೂ ಹೆಚ್ಚು ಪುಟಗಳು ರಾಜತಾಂತ್ರಿಕ ಕಥೆಗೆ ಹೋಗಿವೆ. 1991ರಲ್ಲಿ ಸೋವಿಯತ್ ಬಾಹ್ಯಾಕಾಶ ಸಂಸ್ಥೆಯಾದ ಗ್ಲಾವ್‌ಕಾಸ್ಮೊಸ್ ಜೊತೆ ಆದ ಒಪ್ಪಂದ, 1992ರಲ್ಲಿ ಅಮೆರಿಕ ಹೇರಿದ ನಿರ್ಬಂಧ, 1993ರಲ್ಲಿ ರಷ್ಯಾ ತಂತ್ರಜ್ಞಾನ ವರ್ಗಾವಣೆಯಿಂದ ಹಿಂದೆ ಸರಿದದ್ದು, ಇವೆಲ್ಲವನ್ನೂ ನೀವು ಚೆನ್ನಾಗಿಯೇ ಹೇಳಿದ್ದೀರಿ. ಆದರೆ ‘ಏಕಾಂಗಿ’ ಎಂಬ ಮಾತು ನಿಲ್ಲುವುದಿಲ್ಲ. ತಂತ್ರಜ್ಞಾನ ಕೊಡದಿದ್ದರೂ ರಷ್ಯಾ ಏಳು ಸಿದ್ಧ ಕ್ರಯೋಜೆನಿಕ್ ಹಂತಗಳನ್ನು (ಎಂಜಿನ್, ಟ್ಯಾಂಕುಗಳು ಸೇರಿದ ರಾಕೆಟ್ಟಿನ ಮೇಲ್ಭಾಗವನ್ನು) ಒದಗಿಸಿತು; 2001ರ ಏಪ್ರಿಲ್ 18ರಂದು ಹಾರಿದ ಮೊದಲ ಜಿಎಸ್‌ಎಲ್‌ವಿ ರಾಕೆಟ್ಟಿನ ತುದಿಯಲ್ಲಿದ್ದುದು ಅಂಥದ್ದೇ ಒಂದು ಹಂತ. ನಮ್ಮ ಮೊದಲ ಕ್ರಯೋಜೆನಿಕ್ ಎಂಜಿನ್ನಿನ ವಿನ್ಯಾಸವೂ ರಷ್ಯಾದ ಎಂಜಿನ್ನಿನ ಜಾಡಿನಲ್ಲೇ ಸಾಗಿತು. ಇದನ್ನು ಒಪ್ಪಿಕೊಂಡರೆ ನಮ್ಮ ಎಂಜಿನಿಯರುಗಳ ಸಾಧನೆ ಕುಗ್ಗುವುದಿಲ್ಲ. ಸಿದ್ಧವಾದ ಯಂತ್ರ ಕೈಯಲ್ಲಿದ್ದೂ ಅದನ್ನು ತಯಾರಿಸುವ ಬಗೆ ತಿಳಿಯದಿದ್ದಾಗ ಲೋಹ, ಬೆಸುಗೆ, ಸೀಲು, ಬೇರಿಂಗುಗಳ ಒಂದೊಂದು ಪ್ರಶ್ನೆಗೂ ತಾವೇ ಉತ್ತರ ಹುಡುಕಬೇಕಾದ ಪರಿಸ್ಥಿತಿ ಎಷ್ಟು ಕಠಿಣವೆಂಬುದು ಆಗಲೇ ಓದುಗರಿಗೆ ಅರಿವಾಗುವುದು.

ನನ್ನ ಮುಖ್ಯ ಆಕ್ಷೇಪ, ದೇಶೀಯ ಕ್ರಯೋಜೆನಿಕ್ ಎಂಜಿನ್ ಹೊತ್ತ ಮೊದಲ ರಾಕೆಟ್ ಹಾರಿದ 2010ರ ಏಪ್ರಿಲ್ 15ರ ಕುರಿತು ನೀವು ಬರೆದಿರುವ ಒಂದೇ ಒಂದು ಸಾಲಿನ ಬಗ್ಗೆ: ‘ಸಣ್ಣ ತಾಂತ್ರಿಕ ದೋಷದಿಂದ ಮೊದಲ ಪ್ರಯತ್ನ ವಿಫಲವಾಯಿತು.’ ಆ ದೋಷ ಯಾವುದು? ಇಸ್ರೊ ತನ್ನ ವಿಶ್ಲೇಷಣೆಯ ಸಾರವನ್ನು ಆಗಲೇ ಬಹಿರಂಗಪಡಿಸಿತ್ತು. ದ್ರವ ಜಲಜನಕವನ್ನು ಮುಖ್ಯ ಪಂಪಿಗೆ ಒತ್ತಡದೊಂದಿಗೆ ಒದಗಿಸುವ ಬೂಸ್ಟರ್ ಟರ್ಬೊಪಂಪ್ ಸರಿಯಾಗಿಯೇ ಚಾಲೂ ಆಗಿ ನಿಮಿಷಕ್ಕೆ 34,800 ಸುತ್ತುಗಳ ವೇಗ ಮುಟ್ಟಿತ್ತು. ಹಂತ ಚಾಲನೆಗೊಂಡ 0.9 ಸೆಕೆಂಡಿನ ನಂತರ ಆ ವೇಗ ಇಳಿಯತೊಡಗಿ, ಮುಂದಿನ 0.6 ಸೆಕೆಂಡಿನೊಳಗೆ ಪಂಪ್ ನಿಂತೇ ಹೋಯಿತು. ಮುಖ್ಯ ಎಂಜಿನ್ ಹೊತ್ತಿಕೊಂಡಿತ್ತು ಎನ್ನುವುದಕ್ಕೆ ಸಾಕ್ಷಿಯೂ ದತ್ತಾಂಶದಲ್ಲಿದೆ: ಮೊದಲ 2.2 ಸೆಕೆಂಡುಗಳ ಕಾಲ ವಾಹನದ ವೇಗೋತ್ಕರ್ಷ ಹಿಂದಿನ ಉಡಾವಣೆಗಳಿಗೆ ಸರಿಸಮನಾಗಿತ್ತು, ಆಮೇಲೆ ಜಲಜನಕ ಸಿಗದೆ ಕುಸಿಯಿತು. ಸೀಲಿರುವ ಕಡೆ ರೋಟರ್ ಬಿಗಿಹಿಡಿದಿರಬಹುದು ಅಥವಾ ಟರ್ಬೈನಿನ ಕವಚ ಒಡೆದಿರಬಹುದು ಎಂಬ ಎರಡು ಸಾಧ್ಯತೆಗಳನ್ನು ಸಮಿತಿ ಮುಂದಿಟ್ಟಿತು. ಎರಡರಲ್ಲಿ ಒಂದನ್ನೇ ಖಚಿತವೆಂದು ಅದು ಘೋಷಿಸಲಿಲ್ಲ. ನಿಮ್ಮ ಲೇಖನವೂ ಆ ಎಚ್ಚರವನ್ನು ಕಲಿಯಬೇಕು.

ಈ ಒಂದೂವರೆ ಸೆಕೆಂಡನ್ನು ವಿವರಿಸಲು ಎರಡು ಪುಟ ತೆಗೆದುಕೊಂಡರೂ ನನಗೆ ಸಂತೋಷವೇ. ಜಲಜನಕ ದ್ರವವಾಗಿ ಉಳಿಯಲು ಮೈನಸ್ 253 ಡಿಗ್ರಿ ಸೆಲ್ಸಿಯಸ್ ಬೇಕು, ಆಮ್ಲಜನಕಕ್ಕೆ ಮೈನಸ್ 183. ಒಂದು ಲೀಟರ್ ದ್ರವ ಜಲಜನಕದ ತೂಕ ಸುಮಾರು 71 ಗ್ರಾಂ ಮಾತ್ರ. ಇಷ್ಟು ಹಗುರವಾದ ದ್ರವವನ್ನು ಅಧಿಕ ಒತ್ತಡದಲ್ಲಿ ತಳ್ಳಬೇಕಾದರೆ ಪಂಪ್ ಭಾರಿ ವೇಗದಲ್ಲಿ ತಿರುಗಬೇಕು. ಒಳಬರುವ ದ್ರವದಲ್ಲಿ ಗುಳ್ಳೆಗಳೆದ್ದರೆ ಆ ಪಂಪ್ ಕೆಲಸ ಕೆಡುತ್ತದೆ, ಅದಕ್ಕಾಗಿಯೇ ಅದರ ಹಿಂದೆ ಬೂಸ್ಟರ್ ಇರುವುದು. ಅಂಥ ಚಳಿಯಲ್ಲಿ ರೋಟರ್, ಬೇರಿಂಗ್, ಕವಚ ಎಲ್ಲವೂ ಕುಗ್ಗುತ್ತವೆ, ಆದರೆ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಮುಂದಿನ ಉಡಾವಣೆಗೆ ಮುನ್ನ ಬೂಸ್ಟರ್ ಪಂಪಿನ ವಿನ್ಯಾಸವನ್ನು ಮಾರ್ಪಡಿಸಿದಾಗ ಇಸ್ರೊ ಲೆಕ್ಕಕ್ಕೆ ತೆಗೆದುಕೊಂಡದ್ದು ಈ ಹಿಗ್ಗುವಿಕೆ, ಕುಗ್ಗುವಿಕೆಗಳನ್ನೇ. ಜೊತೆಗೆ ಎಂಜಿನ್ ಹೊತ್ತಿಕೊಳ್ಳುವ ಕ್ರಮವನ್ನು ಪರಿಷ್ಕರಿಸಿ, ಆಕಾಶದಲ್ಲಿರುವಂಥ ನಿರ್ವಾತವನ್ನು ಸೃಷ್ಟಿಸಿ ತಮಿಳುನಾಡಿನ ಮಹೇಂದ್ರಗಿರಿಯಲ್ಲಿ ಪರೀಕ್ಷಿಸಿದರು. ನಿಮ್ಮ ಲೇಖನದಲ್ಲಿ ಮಹೇಂದ್ರಗಿರಿಯ ಹೆಸರೇ ಇಲ್ಲದಿರುವುದು ನನಗೆ ನಿಜಕ್ಕೂ ಬೇಸರ ತಂದಿತು.

2010ರ ಎರಡೂ ವೈಫಲ್ಯಗಳನ್ನು ನೀವು ದೇಶೀಯ ಎಂಜಿನ್ನಿನ ತಲೆಗೆ ಕಟ್ಟಿದ್ದೀರಿ, ಅದು ತಪ್ಪು. ಡಿಸೆಂಬರ್ 25ರ ವಾಹನದಲ್ಲಿದ್ದುದು ರಷ್ಯಾದ ಹಂತ, ಅದು ಹೊತ್ತಿಕೊಳ್ಳುವ ಸರದಿ ಬರುವ ಮುನ್ನವೇ ನಿಯಂತ್ರಣ ಸಂಕೇತಗಳನ್ನು ಒಯ್ಯುವ ಕನೆಕ್ಟರುಗಳು ಕಳಚಿಕೊಂಡು ವಾಹನ ಹಾದಿ ತಪ್ಪಿತ್ತು. ಇಸ್ರೊದ ಕ್ರಯೋಜೆನಿಕ್ ಯೋಜನೆಯ ವಿಜ್ಞಾನಿ ನಂಬಿ ನಾರಾಯಣನ್ ಅವರ ಪ್ರಕರಣವನ್ನು ನಿರೂಪಿಸುವಾಗಲೂ ಇದೇ ಅವಸರ ಕಾಣುತ್ತದೆ. 1994ರ ಬೇಹುಗಾರಿಕೆಯ ಆರೋಪಗಳು ಸುಳ್ಳೆಂದು ಸಿಬಿಐ 1996ರಲ್ಲಿ ಹೇಳಿತು, ಅವರ ಬಂಧನ ಅನಗತ್ಯವಾಗಿತ್ತೆಂದು 2018ರಲ್ಲಿ ಸುಪ್ರೀಂ ಕೋರ್ಟ್ 50 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಅವರಿಗಾದ ಅನ್ಯಾಯ ಇಷ್ಟರಿಂದಲೇ ಸ್ಥಾಪಿತವಾಗಿದೆ. ಆದರೆ ಎಂಜಿನ್ ತಡವಾದದ್ದಕ್ಕೆ ವಿದೇಶಿ ಸಂಚೇ ಕಾರಣವೆಂಬ ನಿಮ್ಮ ತೀರ್ಮಾನವನ್ನು ಆ ತೀರ್ಪಿನ ಮೇಲೆ ಹೊರಿಸಲಾಗದು. ಅದಕ್ಕೆ ಬೇರೆ ಆಧಾರ ಕೊಡಿ, ಇಲ್ಲವೇ ಆ ಭಾಗವನ್ನು ಕೈಬಿಡಿ.

ಶೈಲಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಅಭೂತಪೂರ್ವ’, ‘ಅದ್ವಿತೀಯ’ ಎಂಬ ವಿಶೇಷಣಗಳಿರುವ ಕಡೆಯಲ್ಲೆಲ್ಲ ಒಂದು ಅಳತೆಯನ್ನೋ ಒಂದು ಹೋಲಿಕೆಯನ್ನೋ ಇಡಿ. ಒಪ್ಪಂದದ ಕಾಲದಲ್ಲಿ ಇಸ್ರೊ ಅಧ್ಯಕ್ಷರಾಗಿದ್ದವರು ಉಡುಪಿ ಬಳಿಯ ಅದಮಾರಿನ ಯು. ಆರ್. ರಾವ್, ಅವರ ಪಾತ್ರವನ್ನು ಬಿಟ್ಟು ಈ ಇತಿಹಾಸ ಬರೆಯುವುದು ಸರಿಯಲ್ಲ.

2013ರ ಆಗಸ್ಟ್ 19ರ ಉಡಾವಣೆಯನ್ನು ‘ಮುಂದೂಡಲಾಯಿತು’ ಎಂದಷ್ಟೇ ಬರೆದಿದ್ದೀರಿ. ಅಂದು ಸೋರಿದ್ದು ಎರಡನೇ ಹಂತದ ಇಂಧನ ಟ್ಯಾಂಕ್. ಆ ಹಂತವನ್ನೇ ಬದಲಾಯಿಸಿ, ಹೊಸ ಟ್ಯಾಂಕನ್ನು ಬೇರೊಂದು ಅಲ್ಯುಮಿನಿಯಂ ಮಿಶ್ರಲೋಹದಿಂದ ಮಾಡಿದ ಮೇಲೆ 2014ರ ಜನವರಿ 5ರಂದು ದೇಶೀಯ ಎಂಜಿನ್ನಿನ ಬಲದಿಂದ 1,982 ಕಿಲೊಗ್ರಾಂ ತೂಕದ ಜಿಸ್ಯಾಟ್-14 ಉಪಗ್ರಹ ಕಕ್ಷೆ ಸೇರಿತು. ಹಿಂದಿನ ಮಿಶ್ರಲೋಹವನ್ನು ಏಕೆ ಕೈಬಿಟ್ಟರು ಎಂಬುದನ್ನು ಹುಡುಕಿ ಬರೆಯಿರಿ. ತಿದ್ದಿದ ಪ್ರತಿಯನ್ನು ನೇರವಾಗಿ ನನಗೇ ಕಳುಹಿಸಿ, ಸರದಿಗೆ ಕಾಯಿಸದೆ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ