ಕೆಲಸ ಸಿಗೋದೇ ಕಷ್ಟ ಇರುವಾಗ ಯಾವ ಕೆಲಸ ಹುಡುಕೋದು? ಓದುಗರ ಪ್ರಶ್ನೆ, ಉದ್ಯೋಗ ಸಲಹೆಗಾರರ ಉತ್ತರ

ಪ್ರಶ್ನೆ: ನಮಸ್ಕಾರ್ರೀ ಸರ್. ನಾನು ರಾಣೆಬೆನ್ನೂರಿನವ, 2024ರಾಗ ಬಿಇ ಮೆಕ್ಯಾನಿಕಲ್ ಮುಗಿಸೀನ್ರಿ. ಒಂದು ವರ್ಷದ ಮ್ಯಾಲಾತು ಮನ್ಯಾಗ ಕುಂತು. ಬೆಂಗಳೂರಾಗ ಒಂದು ಇನ್‌ಸ್ಟಿಟ್ಯೂಟ್‌ನವರು ಫುಲ್‌ಸ್ಟ್ಯಾಕ್ (ವೆಬ್‌ಸೈಟ್ ಕೋಡಿಂಗ್) ಕೋರ್ಸಿಗೆ 75 ಸಾವಿರ ಕೇಳ್ಯಾರ, 100 ಪರ್ಸೆಂಟ್ ಪ್ಲೇಸ್‌ಮೆಂಟ್ ಅಂತಾರ. ಗೆಳ್ಯಾರು ಧಾರವಾಡಕ್ಕ ಬಾ, ಪಿಡಿಒ, ಎಫ್‌ಡಿಎ ಓದೂಣು ಅಂತಾರ. ಹುಬ್ಬಳ್ಳಿ ಗೋಕುಲ ರೋಡಿನ ಒಂದು ಸಿಎನ್‌ಸಿ (ಕಂಪ್ಯೂಟರ್ ಹೇಳಿದಂಗ ಲೋಹ ಕೊರಿಯೋ ಮಷೀನು) ಶಾಪ್‌ನಾಗ ಕ್ವಾಲಿಟಿ ಟ್ರೇನಿ ಅಂತ 13,500ಕ್ಕ ಕರದಾರ. ಅಪ್ಪಾರು "ಬಿಇ ಓದಿ 13 ಸಾವಿರಕ್ಕ ಹೊಕ್ಕಿ ಏನು" ಅಂತಾರ. ಈಗ ಯುವನಿಧಿ 3 ಸಾವಿರ ಬರಾಕತ್ತೇತಿ, ಸೇರಿದ್ರ ಅದೂ ನಿಂದ್ರತೇತಿ. ಏನ್ ಮಾಡ್ಲಿ?

ಉತ್ತರ: ಮೊದ್ಲು ಯುವನಿಧಿ ಮಾತು ಮುಗಿಸ್ಬಿಡೋಣ. ಅದು ಹೆಚ್ಚಂದ್ರೆ ಎರಡು ವರ್ಷ ಬರೋ ದುಡ್ಡು, ಅದನ್ನ ಉಳಿಸ್ಕೊಳ್ಳೋಕೆ ಅಂತ ಕೆಲಸ ಬಿಡೋದು ಲೆಕ್ಕಕ್ಕೆ ಬರಲ್ಲ.

ಇನ್ನು ನಿಮ್ಮ ಮುಂದಿರೋ ಮೂರೂ ದಾರಿಗೆ ಒಂದೇ ಪ್ರಶ್ನೆ ಹಾಕಿ ನೋಡಿ, ಒಂದು ವರ್ಷ ಬಿಟ್ಟು ಇದು ಕೈಕೊಟ್ರೂ ಬೇರೆ ಗೇಟಿಗೆ ತಗೊಂಡು ಹೋಗೋಕೆ ನನ್ನ ಹತ್ರ ಏನಿರುತ್ತೆ ಅಂತ. ಕೆಲಸ ದಂಡಿಯಾಗಿ ಇರೋ ಕಾಲದಲ್ಲಿ ಯಾವುದು ಇಷ್ಟ, ಯಾವುದಕ್ಕೆ ಸ್ಕೋಪ್ ಅಂತೆಲ್ಲ ಕೇಳ್ಕೊಂಡು ಕೂರಬಹುದು, ಈಗ ಅಷ್ಟು ಪುರುಸೊತ್ತಿಲ್ಲ.

ಫುಲ್‌ಸ್ಟ್ಯಾಕ್ ಕೋರ್ಸು. 2021-22ರಲ್ಲಿ ಐಟಿ ಕಂಪನಿಗಳು ಸಿಕ್ಕಸಿಕ್ಕವರನ್ನ ತಗೊಂಡ್ರು, ಆಗ ಮೆಕ್ಯಾನಿಕಲ್, ಸಿವಿಲ್ ಹುಡುಗರೂ ಒಳಗೆ ಹೋದ್ರು, ಈ ಇನ್‌ಸ್ಟಿಟ್ಯೂಟ್‌ಗಳು ಇವತ್ತಿಗೂ ಆ ವರ್ಷದ ಫೋಟೋ ತೋರಿಸೇ ವ್ಯಾಪಾರ ಮಾಡ್ತಿದಾರೆ. ಆಮೇಲೆ ಏನಾಯ್ತು ಅಂದ್ರೆ 2023-24ರ ಒಂದೇ ಆರ್ಥಿಕ ವರ್ಷದಲ್ಲಿ ಟಿಸಿಎಸ್, ಇನ್ಫೋಸಿಸ್, ವಿಪ್ರೊ ಮೂರೂ ಸೇರಿ ಉದ್ಯೋಗಿಗಳ ಸಂಖ್ಯೆ 60 ಸಾವಿರಕ್ಕೂ ಹೆಚ್ಚು ಇಳೀತು. ಕಂಪ್ಯೂಟರ್ ಸೈನ್ಸ್ ಓದಿದವರೇ ಲೈನಲ್ಲಿ ನಿಂತಿರುವಾಗ ಆರು ತಿಂಗಳ ಕೋರ್ಸ್ ಮಾಡಿದ ಮೆಕ್ಯಾನಿಕಲ್ ಫ್ರೆಶರ್ ಆ ಲೈನಿನ ಕೊನೆಗೆ ಹೋಗಿ ನಿಲ್ಬೇಕು. ನಿಮಗೆ ಕೋಡಿಂಗ್ ನಿಜಕ್ಕೂ ಇಷ್ಟ ಇದ್ರೆ ಫ್ರೀ ಆಗಿ ಕಲಿಯೋಕೆ ಸಾಕಷ್ಟು ಇದೆ, ಮೂರು ತಿಂಗಳು ಸಂಜೆ ಹೊತ್ತು ಕೂತು ನೋಡಿ, ಆಮೇಲೂ ಹುಚ್ಚು ಉಳಿದಿದ್ರೆ ಮಾತಾಡೋಣ. 100 ಪರ್ಸೆಂಟ್ ಪ್ಲೇಸ್‌ಮೆಂಟ್ ಅನ್ನೋರಿಗೆ "ಕೆಲಸ ಆದ್ಮೇಲೆ ಸಂಬಳದಲ್ಲಿ ಫೀಸ್ ಕಟ್ತೀನಿ, ಬರೆದು ಕೊಡಿ" ಅನ್ನಿ, ಅಲ್ಲೇ ಅವರ ದನಿ ಬದಲಾಗುತ್ತೆ.

ಧಾರವಾಡ. ಸರ್ಕಾರಿ ಪರೀಕ್ಷೆ ಬರೀಬೇಡಿ ಅಂತ ನಾನು ಹೇಳಲ್ಲ, ಅದನ್ನೊಂದನ್ನೇ ನಂಬ್ಕೊಂಡು ಕೂತ್ಕೋಬೇಡಿ ಅಂತೀನಿ. 545 ಪಿಎಸ್‌ಐ ಹುದ್ದೆ ಕತೆ ನೆನಪಿರ್ಬೇಕಲ್ಲ, 2021ರಲ್ಲಿ ನೋಟಿಫಿಕೇಶನ್ ಆಯ್ತು, ಅಕ್ಟೋಬರಲ್ಲಿ ಪರೀಕ್ಷೆ ನಡೀತು, ಹಗರಣ ಹೊರಗೆ ಬಂತು, ರದ್ದಾಯ್ತು, ಮರುಪರೀಕ್ಷೆ ಆಗಿದ್ದು 2024ರ ಜನವರೀಲಿ. ಅದೇ ವರ್ಷ ಅಕ್ಟೋಬರ್ ಕೊನೇಲಿ ಒಳಮೀಸಲಾತಿ ತೀರ್ಮಾನ ಆಗೋವರೆಗೆ ಹೊಸ ನೋಟಿಫಿಕೇಶನ್ನೇ ಬೇಡ ಅಂತ ಸರ್ಕಾರ ನಿಲ್ಲಿಸ್ತು. ಓದೋರ ತಪ್ಪೇನೂ ಇಲ್ಲ, ಆದ್ರೆ ರೂಮ್ ಬಾಡಿಗೆ, ಮೆಸ್ ಬಿಲ್ಲು ನಿಲ್ಲಲಿಲ್ಲ. ಮೂರು ವರ್ಷ ಓದಿ ಆಗಲಿಲ್ಲ ಅಂದ್ರೆ ಕೈಯಲ್ಲಿ ಇರೋದು ಸಾಮಾನ್ಯ ಜ್ಞಾನ, ಜೊತೆಗೆ ಮೂರು ವರ್ಷದ ಗ್ಯಾಪು. ಕೆಲಸದಲ್ಲಿ ಇದ್ಕೊಂಡೇ ವಾರದ ರಜೆ, ಬೆಳಗಿನ ಹೊತ್ತು ಹಿಡ್ಕೊಂಡು ಓದಿ, ನಿಧಾನ ಆಗುತ್ತೆ, ಆಗ್ಲಿ ಬಿಡಿ.

ಹಂಗಾಗಿ ನನ್ನ ಓಟು ಗೋಕುಲ ರೋಡಿಗೆ. ಆದ್ರೆ ಕಣ್ಮುಚ್ಕೊಂಡು ಸೇರಬೇಡಿ, ಯಾಕಂದ್ರೆ ಕ್ವಾಲಿಟಿ ಟ್ರೇನಿ ಅನ್ನೋ ಹೆಸರಲ್ಲಿ ಎರಡು ಥರದ ಕೆಲಸ ಇರುತ್ತೆ. ಒಂದು, ಎಂಟು ಗಂಟೆ ನಿಂತು ಗೋ, ನೋ-ಗೋ ಗೇಜ್ ತೂರಿಸಿ ಪೀಸ್ ಪಾಸಾ ಫೇಲಾ ಅಂತ ಟ್ರೇ ಬದಲಾಯಿಸೋದು, ಅದನ್ನ ಒಂದು ವಾರದಲ್ಲಿ ಕಲೀತೀರಿ, ಉಳಿದ ವರ್ಷ ಕಾಲುನೋವು ಅಷ್ಟೇ. ಇನ್ನೊಂದು, ಡ್ರಾಯಿಂಗ್ ಕೈಗೆ ಕೊಟ್ಟು ಫಸ್ಟ್ ಪೀಸ್ ಇನ್‌ಸ್ಪೆಕ್ಷನ್ ಮಾಡಿಸ್ತಾರೆ, ಮೈಕ್ರೋಮೀಟರ್, ಬೋರ್ ಗೇಜ್, ಹೈಟ್ ಗೇಜ್ ಎಲ್ಲಾ ಹಿಡಿಸ್ತಾರೆ, ರಿಜೆಕ್ಷನ್ ಯಾಕಾಯ್ತು ಅಂತ ಆಪರೇಟರ್ ಜೊತೆ ಕೂತು ಹುಡುಕೋಕೆ ಬಿಡ್ತಾರೆ, ಕಸ್ಟಮರ್ ಕಂಪ್ಲೇಂಟ್ ಬಂದಾಗ ರಿಪೋರ್ಟ್ ಬರೆಯೋಕೆ ಹಚ್ತಾರೆ. ಈ ಎರಡನೇದು ಸಿಕ್ರೆ 13,500 ಅಲ್ಲ, 12 ಸಾವಿರ ಅಂದ್ರೂ ಹೋಗಿ. ಇಂಟರ್‌ವ್ಯೂನಲ್ಲಿ ನಾಚ್ಕೊಳ್ದೆ ಕೇಳಿ, ಸರ್ ನಿಮ್ಮಲ್ಲಿ ಸಿಎಂಎಂ (ಪೀಸ್ ಅಳತೆ ಸೂಕ್ಷ್ಮವಾಗಿ ತೆಗೆಯೋ ಮಷೀನು) ಇದೆಯಾ, ಟ್ರೇನಿಗೆ ಯಾವಾಗ ಕೊಡ್ತೀರಿ, ನಾನು ಕಂಪನಿ ರೋಲಾ ಅಥವಾ ಮ್ಯಾನ್‌ಪವರ್ ಏಜೆನ್ಸಿ ರೋಲಾ, ಪಿಎಫ್, ಇಎಸ್‌ಐ ಇದೆಯಾ. ಇದಕ್ಕೆಲ್ಲ ಸಿಡಿಮಿಡಿ ಮಾಡೋ ಮ್ಯಾನೇಜರ್ ಹತ್ರ ಕಲಿಯೋದೂ ಅಷ್ಟಕ್ಕಷ್ಟೇ. ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಇಟ್ಕೋತೀವಿ ಅಂದ್ರೆ ಎದ್ದು ಬನ್ನಿ.

ಇದೊಂದೇ ಅಂಗಡಿ ನಂಬ್ಕೋಬೇಡಿ ಕೂಡ. ಸಿಕ್ಕಿದ್ದಕ್ಕೆಲ್ಲ ಅಪ್ಲೈ ಮಾಡೋ ಬದ್ಲು ಎರಡೇ ಹುದ್ದೆ ಹೆಸರು ಇಟ್ಕೊಳ್ಳಿ, ಕ್ವಾಲಿಟಿ ಮತ್ತೆ ಮೇಂಟೆನೆನ್ಸ್, ಎರಡಕ್ಕೂ ಬೇರೆಬೇರೆ ರೆಸ್ಯೂಮೆ. ಧಾರವಾಡದ ಬೇಲೂರು ಇಂಡಸ್ಟ್ರಿಯಲ್ ಏರಿಯಾ, ಬೆಳಗಾವಿ ಉದ್ಯಮಬಾಗ್‌ನ ಫೌಂಡ್ರಿ, ಹೈಡ್ರಾಲಿಕ್ಸ್‌ನೋರು, ಶಿವಮೊಗ್ಗ ಮಾಚೇನಹಳ್ಳಿ, ನಿಮ್ಮೂರ ಪಕ್ಕದ ಕುಮಾರಪಟ್ಟಣ, ಇಷ್ಟು ಸುತ್ತಿದ್ರೆ ಒಂದು ಒಳ್ಳೆ ಪಟ್ಟಿ ಆಗುತ್ತೆ. ಸಣ್ಣ ಶಾಪ್‌ನೋರು ಜಾಬ್ ಪೋರ್ಟಲ್‌ಗೆ ದುಡ್ಡು ಕಟ್ಟಿ ಹಾಕೋದು ಕಮ್ಮಿ, ಗೇಟಿಗೆ ಬೋರ್ಡ್ ಹಾಕ್ತಾರೆ, ಇಲ್ಲಾ ಇರೋ ಹುಡುಗರಿಗೆ "ನಿಮ್ಮ ಕಡೆ ಯಾರಾದ್ರೂ ಇದಾರೇನೋ" ಅಂತಾರೆ. ಯಾರ ಹತ್ರ ಆರ್ಡರ್ ಇದೆ ಅಂತ ತಿಳ್ಕೊಳ್ಳೋಕೆ ಟೂಲ್, ಇನ್ಸರ್ಟ್ (ಮಷೀನಿಗೆ ಹಾಕೋ ಕತ್ತರಿಸೋ ತುದಿ) ಮಾರೋ ಸೇಲ್ಸ್‌ನವರನ್ನ ಪರಿಚಯ ಮಾಡ್ಕೊಳ್ಳಿ, ಯಾವ ಶಾಪಲ್ಲಿ ನೈಟ್ ಶಿಫ್ಟ್ ಓಡ್ತಿದೆ ಅನ್ನೋದು ಅವರಿಗೆ ಬಾಯಿಪಾಠ. ದೊಡ್ಡ ಫ್ಯಾಕ್ಟರಿ ನೋಡ್ಬೇಕು ಅನ್ನಿಸಿದ್ರೆ ಕೇಂದ್ರ ಸರ್ಕಾರದ ನ್ಯಾಟ್ಸ್ ಯೋಜನೆಯ ಅಪ್ರೆಂಟಿಸ್ ಇದೆ, 2019ರ ನಿಯಮದಲ್ಲಿ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9 ಸಾವಿರ ಸ್ಟೈಪೆಂಡ್ ಇತ್ತು, ಮುಗಿದ್ಮೇಲೆ ಕಾಯಂ ಮಾಡ್ತಾರೆ ಅಂತ ಗ್ಯಾರಂಟಿ ಇಲ್ಲ, ಆದ್ರೆ ಸರ್ಟಿಫಿಕೇಟ್‌ಗೆ ಬೆಲೆ ಇದೆ. ಕೋರ್ಸಿಗೆ ದುಡ್ಡು ಹಾಕಲೇಬೇಕು ಅಂದ್ರೆ 75 ಸಾವಿರದ ಬದಲು ಸರ್ಕಾರದ ತರಬೇತಿ ಕೇಂದ್ರ ಜಿಟಿಟಿಸಿಯಲ್ಲಿ ಸಿಎನ್‌ಸಿ ಪ್ರೋಗ್ರಾಮಿಂಗ್‌ನ ಶಾರ್ಟ್ ಟರ್ಮ್ ಕೋರ್ಸ್ ಕೇಳಿ ನೋಡಿ. ಅದೂ ಕೆಲಸಕ್ಕೆ ಸೇರಿ ಆರು ತಿಂಗಳಾದ್ಮೇಲೆ, ಆಗ ಏನು ಬೇಕು ಅಂತ ನಿಮಗೇ ಗೊತ್ತಿರುತ್ತೆ.

ಅಪ್ಪಾರಿಗೆ ಹೇಳಿ, 13,500 ಒಂದು ವರ್ಷದ ಮಟ್ಟಿಗೆ ಅಂತ. ರೂಮ್ ಶೇರ್ ಮಾಡ್ಕೊಂಡ್ರೆ ಊಟ, ಬಾಡಿಗೆ ಕಳೆದು ಕೈಯಲ್ಲಿ ಹೆಚ್ಚೇನೂ ಉಳಿಯಲ್ಲ, ಮನೆಯಿಂದ ತರಿಸೋದು ನಿಲ್ಲುತ್ತೆ ಅಷ್ಟೇ. ವರ್ಷ ತುಂಬಿದ್ಮೇಲೂ ಡ್ರಾಯಿಂಗ್ ಕೈಗೆ ಕೊಡದಿದ್ರೆ ಜಾಗ ಬದಲಾಯಿಸಿ.

ಪ್ರಶ್ನೆ: ಮದುವೆ ಆಗಿ ಶಿರಸಿಗೆ ಬಂದಿದ್ದೇನೆ. ಬಿಕಾಂ ಆಗಿದೆ, ಐದು ವರ್ಷ ಗ್ಯಾಪ್, ಮಗಳಿಗೆ ಮೂರು ವರ್ಷ. ಮನೆಯಿಂದಲೇ ಮಾಡುವ ಡೇಟಾ ಎಂಟ್ರಿ ಕೆಲಸ ಹುಡುಕಲಾ?

ಉತ್ತರ: ಬೇಡ. ಮನೆಯಿಂದ ಡೇಟಾ ಎಂಟ್ರಿ ಅಂತ ಬರೋ ಜಾಹೀರಾತಲ್ಲಿ ಮೋಸವೇ ಜಾಸ್ತಿ, ರಿಜಿಸ್ಟ್ರೇಶನ್ ಫೀಸ್ ತಗೋತಾರೆ, ಆಮೇಲೆ ತಪ್ಪು ಟೈಪ್ ಮಾಡಿದ್ರಿ ಅಂತ ವಕೀಲರ ನೋಟಿಸ್ ಹೆಸರಲ್ಲಿ ಹೆದರಿಸ್ತಾರೆ. ನಿಮ್ಮ ಬಿಕಾಂಗೆ ಶಿರಸಿಯಲ್ಲೇ ಬೆಲೆ ಇದೆ. ಅಡಿಕೆ ವ್ಯಾಪಾರ ಇರೋ ಊರು, ಜಿಎಸ್‌ಟಿ ಮಾಡೋ ಟ್ಯಾಕ್ಸ್ ಕನ್ಸಲ್ಟೆಂಟ್ ಆಫೀಸುಗಳಿಗೆ ತಿಂಗಳಿನ 5ರಿಂದ 20ರವರೆಗೆ ತಲೆ ಎತ್ತೋಕೆ ಪುರುಸೊತ್ತಿರಲ್ಲ, 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ಲೆಕ್ಕ), 20ಕ್ಕೆ 3ಬಿ (ತೆರಿಗೆ ಕಟ್ಟೋ ರಿಟರ್ನ್) ಕೊನೇ ದಿನ. ಟ್ಯಾಲಿ ಮರೆತಿದ್ರೆ ಒಂದು ತಿಂಗಳು ಕೂತು ಜ್ಞಾಪಕ ಮಾಡ್ಕೊಂಡು, "ಆ ಹದಿನೈದು ದಿನ ಅರ್ಧ ದಿನದಂತೆ ಬರ್ತೀನಿ" ಅಂತ ನೇರವಾಗಿ ಹೋಗಿ ಕೇಳಿ. ಗ್ಯಾಪ್ ಬಗ್ಗೆ ಅವರು ಕೇಳೋದಕ್ಕಿಂತ ಬಿಲ್ ಎಂಟ್ರಿ ತಪ್ಪಿಲ್ದೆ ಮಾಡ್ತೀರಾ ಅಂತ ಕೇಳೋದೇ ಹೆಚ್ಚು. ಮಗಳು ಸ್ಕೂಲಿಗೆ ಹೋಗೋಕೆ ಶುರು ಮಾಡಿದ್ಮೇಲೆ ಸಹಕಾರಿ ಸಂಘ, ಸೌಹಾರ್ದದ ಕಡೆ ನೋಡಬಹುದು, ನಿಮ್ಮ ಭಾಗದಲ್ಲಿ ಅವಕ್ಕೇನೂ ಬರ ಇಲ್ಲ, ಡಿಪ್ಲೊಮಾ ಇನ್ ಕೋಆಪರೇಟಿವ್ ಮ್ಯಾನೇಜ್‌ಮೆಂಟ್ ಮಾಡ್ಕೊಂಡಿದ್ರೆ ಅಲ್ಲಿ ಉಪಯೋಗಕ್ಕೆ ಬರುತ್ತೆ.

ಪ್ರಶ್ನೆ: ಇಲ್ಲಿ ಕೆಲಸ ಇಲ್ಲ ಅಂತ ಗಲ್ಫ್‌ಗೆ ಟ್ರೈ ಮಾಡ್ತಿದೀನಿ, ಐಟಿಐ ಎಲೆಕ್ಟ್ರಿಷಿಯನ್. ಏಜೆಂಟ್ 1 ಲಕ್ಷ 20 ಸಾವಿರ ಕೇಳ್ತಿದಾನೆ, ಅಡ್ವಾನ್ಸ್ 40. ಕೊಡ್ಲಾ? – ಕಲಬುರಗಿ ಓದುಗ

ಉತ್ತರ: ಕೊಡಬೇಡಿ. ಲೈಸೆನ್ಸ್ ಇರೋ ಏಜೆಂಟ್ ನಿಮ್ಮ ಹತ್ರ ಸರ್ವಿಸ್ ಚಾರ್ಜ್ ಅಂತ ತಗೊಳ್ಳೋಕೆ ಅವಕಾಶ ಇರೋದು 30 ಸಾವಿರ, ಮೇಲೆ ಜಿಎಸ್‌ಟಿ, ಅದಕ್ಕೂ ರಸೀದಿ ಕೊಡ್ಬೇಕು. ಅವನ ಲೈಸೆನ್ಸ್ ನಂಬರ್ ಇಸ್ಕೊಂಡು ವಿದೇಶಾಂಗ ಇಲಾಖೆಯ ಇ-ಮೈಗ್ರೇಟ್ ಸೈಟಲ್ಲಿ ಹಾಕಿ ನೋಡಿ, ಹೆಸರು ಬರದಿದ್ರೆ ಅಲ್ಲಿಗೆ ಮುಗೀತು. ವಿಸಿಟ್ ವೀಸಾದಲ್ಲಿ ಕಳಿಸ್ತೀನಿ, ಅಲ್ಲಿ ಹೋಗಿ ಬದಲಾಯಿಸ್ಕೊ ಅಂದ್ರಂತೂ ಫೋನೇ ಎತ್ತಬೇಡಿ. ಎಲೆಕ್ಟ್ರಿಷಿಯನ್‌ಗೆ ಕರ್ನಾಟಕದಲ್ಲೇ ಲಿಫ್ಟ್ ಮೇಂಟೆನೆನ್ಸ್, ಸೋಲಾರ್ ಪ್ಲಾಂಟ್, ಅಪಾರ್ಟ್‌ಮೆಂಟ್‌ಗಳ ಡಿಜಿ (ಡೀಸೆಲ್ ಜನರೇಟರ್), ಪ್ಯಾನೆಲ್ ಕೆಲಸ ಇದೆ. ಎರಡು ವರ್ಷ ಇಲ್ಲಿ ಮಾಡಿ ಅನುಭವದ ಪತ್ರ ಹಿಡ್ಕೊಂಡು ಹೋದವರಿಗೆ ಅಲ್ಲಿ ಹೆಲ್ಪರ್ ಬದಲು ಎಲೆಕ್ಟ್ರಿಷಿಯನ್ ಸಂಬಳ ಕೇಳೋಕಾಗುತ್ತೆ. ಅಡ್ವಾನ್ಸ್ ಈಗಾಗ್ಲೇ ಫೋನ್‌ಪೇನೋ ಗೂಗಲ್‌ಪೇನೋ ಮಾಡಿ ಮೋಸ ಅಂತ ಗೊತ್ತಾಗಿದ್ರೆ ನಾಳೆ ಅನ್ನದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಕಂಪ್ಲೇಂಟ್ ಕೊಡಿ.