10 ಹರ್ಟ್ಸ್ ಟಿಎಸಿಎಸ್ (ನೆತ್ತಿಯ ಮೂಲಕ ಮಿದುಳಿಗೆ ಹರಿಸುವ, ಅಲೆಯಂತೆ ದಿಕ್ಕು ಬದಲಿಸುವ ಸಣ್ಣ ಕರೆಂಟು) ಕೊಡುತ್ತಿರುವಾಗಲೇ ದಾಖಲಿಸಿದ ಇಇಜಿಯಿಂದ (ಮಿದುಳಿನ ವಿದ್ಯುತ್ ಅಲೆಗಳ ದಾಖಲೆ) ಕರೆಂಟಿನ ಗುರುತು ತೆಗೆಯುವುದು ಹೇಗೆ?

ನಾಚ್ ಫಿಲ್ಟರ್ (ಒಂದೇ ಆವರ್ತನವನ್ನು ಅಳಿಸುವ ಸೋಸುಕ) ಹಾಕಿದರೆ 10 ಹರ್ಟ್ಸ್ ಸುತ್ತಲಿನ ಮಿದುಳಿನ ಆಲ್ಫಾ ಅಲೆಯೂ ಹೋಗುತ್ತದೆ, ಬೇರೆ ದಾರಿ ಇದೆಯೇ ಎಂದು ಕೇಳಿದ್ದೀರಿ. ಇದೆ, ಆದರೆ ಮೊದಲು ಕಚ್ಚಾ ದಾಖಲೆಯನ್ನು ಹಿಗ್ಗಿಸಿ ನೋಡಿ. ಮಿದುಳಿನ ಅಲೆ ಹತ್ತಾರು ಮೈಕ್ರೋವೋಲ್ಟ್. 1 ಮಿಲಿಆಂಪಿಯರ್ ಹರಿಸಿದಾಗ ನೆತ್ತಿಯ ಮೇಲೆ ಏಳುವುದು ಮಿಲಿವೋಲ್ಟ್‌ಗಳು. ಸೈನ್ ಅಲೆಯ ತುದಿ ಎಲ್ಲಾದರೂ ಚಪ್ಪಟೆಯಾಗಿದ್ದರೆ ಅಲ್ಲಿ ಆಂಪ್ಲಿಫೈಯರ್ ಸ್ಯಾಚುರೇಟ್ ಆಗಿದೆ, ಅಂದರೆ ಅಳೆಯಬಲ್ಲ ಮಿತಿ ಮೀರಿದೆ. ಆ ಚಾನೆಲ್ ಬಿಟ್ಟುಬಿಡಿ, ಯಾವ ಲೆಕ್ಕವೂ ಅದನ್ನು ಉಳಿಸದು. ಸರಾಸರಿ ರೆಫರೆನ್ಸ್ ಮಾಡುವ (ಎಲ್ಲ ಚಾನೆಲ್‌ಗಳ ಸರಾಸರಿಯನ್ನು ಪ್ರತಿಯೊಂದರಿಂದ ಕಳೆಯುವ) ಮುಂಚೆಯೇ ಬಿಡಬೇಕು. ಇಲ್ಲವಾದರೆ ಅದರ ಕೊಳೆ ಉಳಿದ ಚಾನೆಲ್‌ಗಳಿಗೂ ಹಂಚಿಹೋಗುತ್ತದೆ.

ಉಳಿದ ಚಾನೆಲ್‌ಗಳಿಂದ ಟೆಂಪ್ಲೇಟ್, ಅಂದರೆ ಕರೆಂಟಿನ ಅಲೆಯ ಸರಾಸರಿ ಅಚ್ಚು, ಕಳೆಯಿರಿ. 5000 ಹರ್ಟ್ಸ್‌ನಲ್ಲಿ ದಾಖಲಿಸಿದ್ದರೆ ಒಂದು ಆವರ್ತಕ್ಕೆ 500 ಸ್ಯಾಂಪಲ್. ಅಕ್ಕಪಕ್ಕದ 50 ಆವರ್ತಗಳ ಸರಾಸರಿಯನ್ನು ನಡುವಿನ ಆವರ್ತದಿಂದ ಕಳೆದು, ಒಂದೊಂದಾಗಿ ಮುಂದೆ ಸರಿಯಿರಿ. ಇಡೀ ದಾಖಲೆಗೆ ಒಂದೇ ಟೆಂಪ್ಲೇಟ್ ಬೇಡ. ಪ್ರಚೋದಕ ಯಂತ್ರದ ಮತ್ತು ಇಇಜಿಯ ಗಡಿಯಾರಗಳು ಜೋಡಣೆಯಾಗಿಲ್ಲದಿದ್ದರೆ ಆವರ್ತ 500ರ ಬದಲು 500.01 ಸ್ಯಾಂಪಲ್ ಇರಬಹುದು. 10 ನಿಮಿಷದಲ್ಲಿ ಅದು 60 ಸ್ಯಾಂಪಲ್ ಜಾರಿರುತ್ತದೆ. ಹಾಗಿದ್ದರೆ ನಿಜವಾದ ಆವರ್ತನವನ್ನು ದಾಖಲೆಯಿಂದಲೇ ಅಳೆದು ರೀಸ್ಯಾಂಪಲ್ ಮಾಡಿ. ಕರೆಂಟು ಏರುವ ಮತ್ತು ಇಳಿಯುವ ಸೆಕೆಂಡುಗಳನ್ನು ಸರಾಸರಿಗೆ ಸೇರಿಸಬೇಡಿ.

ಇಷ್ಟಾದ ಮೇಲೆ ಗ್ರಾಫ್ ಚೊಕ್ಕಟವಾಗಿ ಕಾಣುತ್ತದೆ. ಎಚ್ಚರ ಬೇಕಾದ ಘಟ್ಟ ಇದೇ. ಹೃದಯದ ಪ್ರತಿ ಬಡಿತಕ್ಕೂ, ಪ್ರತಿ ಉಸಿರಿಗೂ ತಲೆಯ ಇಂಪೀಡೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಅಷ್ಟಿಷ್ಟು ಬದಲಾಗುತ್ತದೆ, ಅದರ ಜೊತೆ ಆರ್ಟಿಫ್ಯಾಕ್ಟಿನ (ಕರೆಂಟಿನ ಗುರುತಿನ) ಎತ್ತರವೂ ಬದಲಾಗುತ್ತದೆ. ನಾಡಿ ನಿಮಿಷಕ್ಕೆ 72 ಇದ್ದರೆ 8.8 ಮತ್ತು 11.2 ಹರ್ಟ್ಸ್‌ನಲ್ಲಿ ಜೋಡಿ ಶಿಖರಗಳು ಏಳುತ್ತವೆ, ಎರಡೂ ಆಲ್ಫಾ ಪಟ್ಟಿಯೊಳಗೇ. 50 ಆವರ್ತದ ಟೆಂಪ್ಲೇಟ್ ಅಳಿಸುವುದು 10 ಹರ್ಟ್ಸ್ ಮತ್ತು ಅದರ ಗುಣಕಗಳ ಸುತ್ತ ಸುಮಾರು 0.2 ಹರ್ಟ್ಸ್ ಅಗಲವನ್ನು ಮಾತ್ರ, ಹಾಗಾಗಿ ಇವು ಉಳಿದೇಬಿಡುತ್ತವೆ. ಇಸಿಜಿಯನ್ನೂ ಉಸಿರಾಟವನ್ನೂ ಜೊತೆಗೇ ದಾಖಲಿಸಿ, 20 ಸೆಕೆಂಡಿನ ಕಿಟಕಿಗಳಲ್ಲಿ ಸ್ಪೆಕ್ಟ್ರಮ್ ತೆಗೆದು ಈ ಜೋಡಿಗಳನ್ನು ಹುಡುಕಿ. ಪಿಸಿಎ ಅಥವಾ ಬೀಮ್‌ಫಾರ್ಮರ್ (ಹಲವು ಚಾನೆಲ್‌ಗಳನ್ನು ಒಟ್ಟಿಗೆ ಬಳಸಿ ಸಂಕೇತ ಬೇರ್ಪಡಿಸುವ ಲೆಕ್ಕಗಳು) ಇವನ್ನು ತಗ್ಗಿಸುತ್ತವೆ, ಪೂರ್ತಿ ತೆಗೆಯುವುದಿಲ್ಲ. ಉಪ್ಪುನೀರಿನ ಕೃತಕ ತಲೆಯ ಮೇಲೆ ವಿಧಾನ ಗೆದ್ದಿತೆಂದು ನೆಚ್ಚಬೇಡಿ, ಅದಕ್ಕೆ ನಾಡಿಯಿಲ್ಲ.

ಇನ್ನೊಂದು ತೊಡಕು: ಕರೆಂಟಿನ ಲಯಕ್ಕೆ ಬಿಗಿಯಾಗಿ ಕೂಡಿಕೊಂಡ ಮಿದುಳಿನ ಅಲೆಯೂ ಟೆಂಪ್ಲೇಟಿನೊಳಗೆ ಸೇರಿ ಕಳೆದುಹೋಗುತ್ತದೆ. ಅಂದರೆ ನೀವು ಹುಡುಕುತ್ತಿರುವುದೇ ಮೊದಲು ಮಾಯವಾಗುವುದು. ಆದ್ದರಿಂದ ಸರಿಯಾಗಿ 10 ಹರ್ಟ್ಸ್‌ನಲ್ಲಿ ಉಳಿದುದರ ಮೇಲೆ ನಾನು ಯಾವ ತೀರ್ಮಾನವನ್ನೂ ನಿಲ್ಲಿಸುವುದಿಲ್ಲ. ಪ್ರಚೋದನೆಗೆ ಮೊದಲಿನ ಮತ್ತು ನಂತರದ ಆಲ್ಫಾವನ್ನು ಹೋಲಿಸುತ್ತೇನೆ. ಪ್ರಚೋದನೆಯ ಹೊತ್ತಿನದೇ ಬೇಕೆಂದರೆ 0.5 ಮಿಲಿಆಂಪಿಯರ್‌ನಲ್ಲೂ ಒಂದು ದಾಖಲೆ ತೆಗೆಯಿರಿ: ಶುದ್ಧಗೊಳಿಸಿದ ಮೇಲೂ ಉಳಿದ ಶಿಖರದ ಎತ್ತರ ಸರಿಯಾಗಿ ಅರ್ಧಕ್ಕಿಳಿದರೆ, ಅದು ಕರೆಂಟಿನದೇ ಎಂದು ಬಲವಾಗಿ ಅನುಮಾನಿಸಿ; ಇದೊಂದೇ ಪೂರ್ತಿ ಪುರಾವೆಯಲ್ಲ.