ಎಲ್ಲಾ ಟ್ರ್ಯಾಕಿಗೂ ರಿವರ್ಬ್ ಹಾಕಬೇಡಿ, ಮೆಟ್ಟಿಲ ಹತ್ತಿರ ಹೋಗಿ

ಬ್ರಿಟನ್ನಿನ ಹುಡುಗಿಯರ ಬ್ಯಾಂಡ್ ದಿ ಪಿಪೆಟ್ಸ್ ತರಹದ ಅರವತ್ತರ ದಶಕದ ಸೌಂಡ್ ಬೇಕು, ಅದಕ್ಕೆ ಎಲ್ಲಾ ಟ್ರ್ಯಾಕಿಗೂ ಹಾಲ್ ರಿವರ್ಬ್ (ದೊಡ್ಡ ಹಾಲಿನ ಪ್ರತಿಧ್ವನಿ) ಹಾಕಿದ್ದೇವೆ, ಆದರೂ ಮೂವರ ದನಿ ಮಸುಕಾಗಿದೆ ಅಂತ ಬರೆದಿದ್ದೀರಿ. ಮೊದಲು ಅಷ್ಟೂ ರಿವರ್ಬ್ ತೆಗೆಯಿರಿ. ನಾನೂ ಹಿಂದೆ ಹೀಗೇ ಮಾಡಿ ಒಂದು ಒಳ್ಳೆ ಹಾಡು ಕೆಡಿಸಿದ್ದೇನೆ. ಒಂದೊಂದು ವಾದ್ಯ ಒಂದೊಂದು ಮನೆಯಲ್ಲಿ ಕೂತು ನುಡಿಸಿದ ಹಾಗೆ ಆಗುತ್ತದೆ.

ಬ್ರೈಟನ್ನಿನ ಆ ಹುಡುಗಿಯರು 2006ರ ಆಲ್ಬಮ್ಮಿನಲ್ಲಿ ಹಿಡಿದದ್ದು ಅರವತ್ತರ ದಶಕದ ಅಮೆರಿಕದ ಪ್ರೊಡ್ಯೂಸರ್ ಫಿಲ್ ಸ್ಪೆಕ್ಟರ್ ದಾರಿ. ಸ್ಪೆಕ್ಟರ್‌ನ ವಾದ್ಯಗಾರರು ಲಾಸ್ ಏಂಜಲೀಸಿನ ಗೋಲ್ಡ್ ಸ್ಟಾರ್ ಸ್ಟುಡಿಯೋದಲ್ಲಿ ಒಂದೇ ರೂಮಿಗೆ ಹಲವು ಗಿಟಾರ್, ಒಂದಕ್ಕಿಂತ ಜಾಸ್ತಿ ಪಿಯಾನೋ ತುಂಬಿ ಒಟ್ಟಿಗೆ ನುಡಿಸುತ್ತಿದ್ದರು. ಒಬ್ಬರ ಸದ್ದು ಇನ್ನೊಬ್ಬರ ಮೈಕಿಗೆ ಸೋರುತ್ತಿತ್ತು. ಆಮೇಲೆ ಅದು ಸಿಮೆಂಟ್ ಗೋಡೆಯ ಎಕೋ ಚೇಂಬರಿಗೆ, ಅಂದರೆ ಪ್ರತಿಧ್ವನಿಗೆಂದೇ ಇಟ್ಟ ಖಾಲಿ ರೂಮಿಗೆ, ಹೋಗುತ್ತಿತ್ತು. ಮೊದಲು ದಪ್ಪ, ಆಮೇಲೆ ಎಕೋ. ನೀವು ಉಲ್ಟಾ ಮಾಡಿದ್ದೀರಿ. ಅಕೌಸ್ಟಿಕ್ ಗಿಟಾರನ್ನು ನಿಜವಾಗಿ ಮೂರು ಸಲ ನುಡಿಸಿ. ಕಾಪಿ ಪೇಸ್ಟ್ ಮಾಡಿದರೆ ಜೋರಾಗುತ್ತೆ ಅಷ್ಟೇ, ದಪ್ಪ ಆಗಲ್ಲ.

ಈಗ ಎಕೋ. ಮನೆಯಲ್ಲಿ ಕಾಂಕ್ರೀಟ್ ಮೆಟ್ಟಿಲಿದೆ ಅಲ್ವಾ? ಕಾಲೊರೆಸುವ ಮ್ಯಾಟ್, ಪರದೆ ಎಲ್ಲಾ ತೆಗೆಯಿರಿ. ಕೆಳಗೆ ಸ್ಪೀಕರ್ ಇಟ್ಟು ಮುಖ ಮೂಲೆಗೆ ತಿರುಗಿಸಿ. ಮೈಕ್ ಕಡೆ ಮುಖ ಇದ್ದರೆ ಎಕೋ ಬದಲು ಸ್ಪೀಕರಿನ ಸದ್ದೇ ಬರುತ್ತೆ. ಮೈಕ್ ಮೇಲಿನ ತಿರುವಿನಲ್ಲಿರಲಿ. ಬರೀ ದನಿ, ಚಪ್ಪಾಳೆ, ಟ್ಯಾಂಬೊರಿನ್ ಪ್ಲೇ ಮಾಡಿ ರೆಕಾರ್ಡ್ ಮಾಡಿಕೊಳ್ಳಿ. ಬೇಸ್, ಕಿಕ್ ಡ್ರಮ್ ಕಳಿಸಲೇಬೇಡಿ, ಗುಂಯ್ ಅನ್ನುತ್ತೆ. ಆ ಟ್ರ್ಯಾಕಿನಲ್ಲಿ 300 ಹರ್ಟ್ಸ್ ಕೆಳಗಿನ ತಗ್ಗು ಸದ್ದನ್ನು ಕತ್ತರಿಸಿ, ದನಿಯ ಅಡಿಯಲ್ಲಿ ಸಣ್ಣಗೆ ಸೇರಿಸಿ. ಸ್ವಲ್ಪ ತಡವಾಗಿ ಕೇಳಿದರೆ ಎಳೆದು ಸರಿಮಾಡಬೇಡಿ. ಸದ್ದಿಗೆ ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡ್ ಬೇಕು, ಆ ತಡದಿಂದಲೇ ಮಾತು ಸ್ಪಷ್ಟ ಉಳಿಯುತ್ತೆ. ನೀರಿನ ಮೋಟಾರ್ ಆಫ್ ಮಾಡಿ. ಸಂಜೆ ಬೇಡ, ಪಕ್ಕದ ಮನೆಯ ಕುಕ್ಕರ್ ವಿಷಲ್ಲೂ ಹಾಡಿಗೆ ಸೇರುತ್ತೆ.

ಬಾಡಿಗೆ ಫ್ಲ್ಯಾಟಿನವರಾದರೆ ವಲ್ಹಾಲ್ಲಾ ವಿಂಟೇಜ್‌ವರ್ಬ್ ಅನ್ನುವ ರಿವರ್ಬ್ ಸಾಫ್ಟ್‌ವೇರ್ ಸಾಕು, ಆದರೆ ಒಂದೇ ಬಸ್ (ಹಲವು ಟ್ರ್ಯಾಕ್ ಕೂಡುವ ಚಾನೆಲ್) ಮೇಲೆ. ದುಬಾರಿ ಕಂಡೆನ್ಸರ್ ಮೈಕ್ ಕೊಳ್ಳಲು ಓಡಬೇಡಿ. ಗೋಡೆಗೆ ಏನೂ ಹಾಕದ ರೂಮಿನಲ್ಲಿ ಶೂರ್ ಎಸ್ಎಂ57 ಅನ್ನುವ ಸಾದಾ ಡೈನಾಮಿಕ್ ಮೈಕ್ ಎಷ್ಟೋ ಮೇಲು. ಮೂವರೂ ಅದೊಂದೇ ಮೈಕಿನ ಮುಂದೆ ನಿಂತು ಹಾಡಲಿ, ಲೀಡ್ ಹತ್ತಿರ, ಉಳಿದವರು ಒಂದು ಹೆಜ್ಜೆ ಹಿಂದೆ. ಇದೇ ಸಾಲನ್ನು ಇನ್ನೊಂದು ಸಲ ಹಾಡಿಸಿ ಜೋಡಿಸಿ. ಶ್ರುತಿ ಸರಿಮಾಡುವ ಆಟೊಟ್ಯೂನ್ ಮಾತ್ರ ಮುಟ್ಟಬೇಡಿ! ಮೂರು ದನಿಯ ನಡುವಿನ ಆ ಸಣ್ಣ ಏರುಪೇರೇ ಈ ಸೌಂಡ್. ಅದನ್ನು ಒರೆಸಿ ಹಾಕಿದ ಮೇಲೆ ಹಳೇ ಸೌಂಡ್ ಎಲ್ಲಿಂದ ಬರಬೇಕು?

ಡ್ರಮ್ಮಿಗೆ ಎಲ್ಲರೂ ಸ್ಪೆಕ್ಟರ್ ಮಾಡಿದ 1963ರ ಹಾಡು 'ಬಿ ಮೈ ಬೇಬಿ'ಯಲ್ಲಿ ಡ್ರಮ್ಮರ್ ಹಾಲ್ ಬ್ಲೇನ್ ನುಡಿಸಿದ ಶುರುವನ್ನೇ ಎತ್ತುತ್ತಾರೆ. ಸಾಕು, ಬೇರೆ ಏನಾದರೂ ಮಾಡಿ. ಪಿಪೆಟ್ಸ್ ತರಹದ ಚುಕ್ಕಿ ಫ್ರಾಕ್ ಹೊಲಿಸುವ ದುಡ್ಡಿನಲ್ಲಿ ಮೊದಲು ಗಟ್ಟಿ ಟ್ಯಾಂಬೊರಿನ್ ತಗೊಳ್ಳಿ. ಪ್ಲಾಸ್ಟಿಕ್ಕಿನದು ಬರೀ ಚಿಲಿಚಿಲಿ ಅನ್ನುತ್ತೆ. ಮೈಕಿನಿಂದ ದೂರ ನಿಂತು ಎರಡು, ನಾಲ್ಕನೇ ಬೀಟಿಗೆ ಮಾತ್ರ ಹೊಡೆಯಿರಿ.

ಮಿಕ್ಸನ್ನು ಮೊನೊದಲ್ಲೇ (ಎರಡೂ ಸ್ಪೀಕರಿಗೆ ಒಂದೇ ಸದ್ದು) ಮಾಡಿ, ಸ್ಪೆಕ್ಟರ್ ಮಾಡಿದ್ದೂ ಹಾಗೆಯೇ. ಮೊನೊದಲ್ಲಿ ಲೀಡ್ ದನಿ ಮುಳುಗಿದರೆ ಗಿಟಾರ್ ಇಳಿಸಿ, ದನಿ ಏರಿಸಬೇಡಿ. ರಿವರ್ಬ್ ಇಲ್ಲದ ಟ್ರ್ಯಾಕುಗಳನ್ನು ಇಲ್ಲೇ ಹಾಕಿ, ಕೇಳಿ ಹೇಳುತ್ತೇನೆ.